ಒಗ್ಗರಣಿ ಎಷ್ಟು, ಮಿರ್ಚಿ ಎಷ್ಟು?

ಮಾನ್ವಿ ಬಸ್ ನಿಲ್ದಾಣದ ಆಸುಪಾಸಿನ ಸಣ್ಣ ಹೋಟೆಲೊಂದರಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಕೂತಿದ್ದೆ. ಗೋಡೆಯ ಮೇಲಿನ ದರಪಟ್ಟಿ ಒಲೆಯ ಹೊಗೆಗೆ ಮಾಸಿ, ಅಕ್ಷರ ಯಾವುದು ಕಲೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಆದರೂ ಅಲ್ಲಿ ಬೆಲೆ ಗುಟ್ಟಾಗಿ ಉಳಿಯುವಂತಿಲ್ಲ. ತಿಂದವರು ಕೈತೊಳೆದು ಗಲ್ಲಾ ಮುಟ್ಟುವಷ್ಟರಲ್ಲಿ ಸಪ್ಲೈಯರ್ ಹುಡುಗ ಒಳಗಿನಿಂದಲೇ ಲೆಕ್ಕ ಕೂಗಿಬಿಡುತ್ತಾನೆ. ಜೊತೆಗೆ ದೇವದುರ್ಗದ ಅಕ್ಕನ ಮಗಳಿದ್ದಳು, ಒಂಬತ್ತನೇ ತರಗತಿ. ರಾಯಚೂರು ಬಸ್ಸಿಗೆ ಇನ್ನೂ ಹೊತ್ತಿತ್ತು.

“ಐದು ಚಾ, ಐವತ್ತು!”

“ಚಾ ಹತ್ತು ರೂಪಾಯಿ,” ಎಂದಳು ಹುಡುಗಿ, ಮೊಬೈಲಿನಿಂದ ತಲೆ ಎತ್ತದೆ.

“ಎರಡು ಒಗ್ಗರಣಿ, ಒಂದ್ ಪ್ಲೇಟ್ ಮಿರ್ಚಿ, ಎಂಬತ್ತೈದು!”

ಈಗ ತಲೆ ಎತ್ತಿದಳು. ಒಗ್ಗರಣಿ ಮೂವತ್ತಾದರೆ ಮಿರ್ಚಿ ಇಪ್ಪತ್ತೈದು. ಒಗ್ಗರಣಿ ಇಪ್ಪತ್ತೈದಾದರೆ ಮಿರ್ಚಿ ಮೂವತ್ತೈದು. ಎರಡೂ ಕೂಡುತ್ತವೆ. (ಬೇರೆ ಸೀಮೆಯ ಓದುಗರಿಗೆ ಒಂದು ಮಾತು. ಇಲ್ಲಿ ಒಗ್ಗರಣಿ ಎಂದರೆ ಸಾಸಿವೆ ಸಿಡಿಸುವ ಕ್ರಿಯೆಯಷ್ಟೇ ಅಲ್ಲ, ಒಂದು ತಿಂಡಿಯ ಹೆಸರೂ ಹೌದು. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಜೊತೆ ಹೊರಳಿಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಪಕ್ಕಕ್ಕೆ ಬಿಸಿ ಮಿರ್ಚಿ ಇಲ್ಲದಿದ್ದರೆ ಅದು ಅರ್ಧ ಊಟ.)

“ಇದೇ ನೋಡು ಮಾಮಾ ನನಗ ತಿಳಿಯಂಗಿಲ್ಲ,” ಎಂದಳು. “ಎಂಟನೇ ಕ್ಲಾಸಿನ್ಯಾಗ ಉತ್ತರ ಒಂದ ಇರ್ತಿತ್ತು. ಒಂಬತ್ತಕ್ಕ ಬಂದ್ರ ಉತ್ತರ ಎಣಿಸಾಕ ಆಗದಷ್ಟು ಅಂತಾರ. ಒಂದು ವೈ ಹೆಚ್ಚಿಗಿ ಬಂದಿದ್ದಕ್ಕ ಇಷ್ಟ್ಯಾಕ?”

ಪ್ರಶ್ನೆ ಸಣ್ಣದಲ್ಲ. ಎಂಟನೇ ತರಗತಿಯ ಪುಸ್ತಕದಲ್ಲಿ ಒಂದು ಚರಾಕ್ಷರದ ಸಮೀಕರಣ, ಉತ್ತರ ಒಂದು. ಒಂಬತ್ತರಲ್ಲಿ ಎರಡು ಚರಾಕ್ಷರ, ಉತ್ತರ ಅಪರಿಮಿತ. ಹತ್ತರಲ್ಲಿ ಅಂಥ ಎರಡು ಸಮೀಕರಣಗಳ ಜೋಡಿ ಕೊಟ್ಟು ಮತ್ತೆ ಉತ್ತರ ಒಂದು ಎನ್ನುತ್ತಾರೆ. ಎಸೆಸೆಲ್ಸಿಯಲ್ಲಿ ಆ ಜೋಡಿಯನ್ನು ನಕ್ಷೆ ಎಳೆದು ಬಿಡಿಸಿದರೆ ಅಂಕ ಖಚಿತ ಎಂದು ಮಕ್ಕಳು ಕೈ ಪಳಗಿಸಿಕೊಳ್ಳುತ್ತಾರೆ. ಉತ್ತರ ಒಂದಿದ್ದದ್ದು ಅಸಂಖ್ಯವಾಗಿ ಮತ್ತೆ ಒಂದಾದದ್ದೇಕೆ ಎಂದು ಕೇಳುವವರು ಕಡಿಮೆ.

ಚರಾಕ್ಷರ ಎಂಬ ಪದ ನನಗೆ ಅಷ್ಟು ಹಿಡಿಸುವುದಿಲ್ಲ. ಚಹಾದ ಬೆಲೆ ಎಲ್ಲಿಗೂ ಚಲಿಸುವುದಿಲ್ಲ, ಗೋಡೆಯ ಹೊಗೆಯ ಹಿಂದೆ ಕೂತಿದೆ ಅಷ್ಟೆ. ಇಲ್ಲಿ ಅದನ್ನು ‘ಅಡಗಿದ ಸಂಖ್ಯೆ’ ಎನ್ನೋಣ. ಸಮೀಕರಣವನ್ನು ಅದಕ್ಕೆ ಹಾಕಿದ ‘ಕಟ್ಟು’ ಎನ್ನೋಣ.

ಕಾಲುವೆಯ ದಂಡೆ

ಒಂದೇ ಸಂಖ್ಯೆ ಅಡಗಿರುವ ಲೆಕ್ಕ ಕಾಲುವೆಯ ದಂಡೆಯಂಥದು. ಮಾನ್ವಿಯ ಭತ್ತದ ಗದ್ದೆಗಳಿಗೆ ನೀರು ತರುವ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ದೇಶಕ್ಕೆ ಕಿಲೋಮೀಟರ್ ಬಂದು ದಶಕಗಳಾದರೂ ಈ ಕಾಲುವೆಯ ಮೇಲೆ ಇನ್ನೂ ಮೈಲಿನ ಆಳ್ವಿಕೆಯೇ. 69ನೇ ಮೈಲು, 104ನೇ ಮೈಲು ಎಂದರೆ ರೈತರಿಗೂ ಎಂಜಿನಿಯರಿಗೂ ಜಾಗ ಗೊತ್ತಾಗುತ್ತದೆ. ಊರಿನ ಹೆಸರು, ಸರ್ವೆ ನಂಬರು ಯಾವುದೂ ಬೇಡ. ಮೂಲದಿಂದ ಎಷ್ಟು ದೂರ ಎಂಬ ಒಂದೇ ಸಂಖ್ಯೆ ಇಡೀ ಜಾಗವನ್ನು ಗೊತ್ತುಮಾಡುತ್ತದೆ, ಏಕೆಂದರೆ ದಂಡೆಯ ಮೇಲೆ ಹೋಗುವುದಿದ್ದರೆ ಹಿಂದೆ, ಇಲ್ಲವೆ ಮುಂದೆ. ಮೂರನೇ ದಿಕ್ಕಿಲ್ಲ.

ಐದು ಚಹಾ ಐವತ್ತು ಎಂಬ ಕೂಗು ಅಂಥ ದಂಡೆಯ ಮೇಲೆ ಬಿದ್ದ ಕಟ್ಟು. ಚಹಾದ ಬೆಲೆ ಎಂಟೋ ಒಂಬತ್ತೋ ಹದಿಮೂರೋ ಆಗಿರಬಹುದಿತ್ತು. ಕೂಗು ಬಿದ್ದೊಡನೆ ದಂಡೆಯೆಲ್ಲ ಖಾಲಿಯಾಗಿ ಹತ್ತರ ಕಲ್ಲೊಂದೇ ಉಳಿಯಿತು. ಲೆಕ್ಕ ಎಷ್ಟೇ ಸುತ್ತುಬಳಸಿದ್ದರೂ, ಎರಡೂ ಕಡೆ ಅಡಗಿದ ಸಂಖ್ಯೆ ಇದ್ದರೂ, ತಕ್ಕಡಿಯ ಎರಡು ತಟ್ಟೆಯಿಂದ ಸಮನಾಗಿ ಎತ್ತುತ್ತ ಹೋದರೆ ಕೊನೆಗೆ ನಿಲ್ಲುವುದು ಒಂದು ಕಲ್ಲಿನ ಮುಂದೆಯೇ. ಸೊನ್ನೆ ಚಹಾಕ್ಕೆ ಐವತ್ತರ ಬಿಲ್ಲು ಕೂಗಿದರೆ ಮಾತ್ರ ಯಾವ ಬೆಲೆಯೂ ಹೊಂದುವುದಿಲ್ಲ. ಅದು ಗಣಿತಕ್ಕಿಂತ ಜಗಳದ ವಿಷಯ.

ಹೊಲ, ಬದು, ಮೂಲೆ

ಇನ್ನು ದಂಡೆ ಬಿಟ್ಟು ಹೊಲಕ್ಕೆ ಇಳಿಯಿರಿ. ಮಾನ್ವಿ ರಸ್ತೆಯಲ್ಲಿ ‘ರಾಯಚೂರು 40’ ಎಂಬ ಕಲ್ಲಿನ ಹತ್ತಿರ ಇದ್ದೇನೆ ಎಂದರೆ ಗೆಳೆಯ ಬೈಕ್ ತಂದು ನಿಲ್ಲಿಸಬಲ್ಲ. ಅದೇ ರಸ್ತೆಯ ಹೆಸರು ಹೇಳದೆ ರಾಯಚೂರಿನಿಂದ ನಲವತ್ತು ಕಿಲೋಮೀಟರ್ ದೂರದಲ್ಲಿದ್ದೇನೆ ಎಂದರೆ? ಅವನು ಊರಿನ ಸುತ್ತ ದೊಡ್ಡ ಬಳೆಯಂತೆ ತಿರುಗುತ್ತಲೇ ಇರಬೇಕಾಗುತ್ತದೆ. ಬಯಲಿನಲ್ಲಿ ಜಾಗ ಗುರುತಿಸಲು ಎರಡು ಸಂಖ್ಯೆ ಬೇಕು.

ಒಗ್ಗರಣಿ, ಮಿರ್ಚಿ ಎರಡರ ಬೆಲೆಯೂ ಅಡಗಿದ್ದಾಗ ನಾವಿರುವುದು ಇಂಥ ಬಯಲಿನಲ್ಲಿ. ಚೌಕದ ಹಾಳೆ ತೆಗೆದುಕೊಂಡು, ಬಲಕ್ಕೆ ಹೋದಷ್ಟೂ ಒಗ್ಗರಣಿ ತುಟ್ಟಿ, ಮೇಲಕ್ಕೆ ಹೋದಷ್ಟೂ ಮಿರ್ಚಿ ತುಟ್ಟಿ ಎಂದುಕೊಳ್ಳಿ. ಆಗ ಹಾಳೆಯ ಒಂದೊಂದು ಚುಕ್ಕಿಯೂ ಒಂದೊಂದು ದರಪಟ್ಟಿ. ಜಗತ್ತಿನಲ್ಲಿ ಸಾಧ್ಯವಿರುವ ಒಗ್ಗರಣಿ-ಮಿರ್ಚಿ ಹೋಟೆಲುಗಳೆಲ್ಲ ಆ ಹಾಳೆಯ ಮೇಲಿವೆ.

ಈಗ ಎಂಬತ್ತೈದರ ಕೂಗು ಬೀಳುತ್ತದೆ. ಒಗ್ಗರಣಿ 20 ಆದರೆ ಮಿರ್ಚಿ 45, 25 ಆದರೆ 35, 30 ಆದರೆ 25, 35 ಆದರೆ 15. ಒಗ್ಗರಣಿ ಐದು ರೂಪಾಯಿ ಏರಿದಾಗಲೆಲ್ಲ ಮಿರ್ಚಿ ಹತ್ತು ಇಳಿಯಲೇಬೇಕು. ಚುಕ್ಕಿ ಇಡುತ್ತ ಹೋದರೆ ಎಲ್ಲವೂ ಒಂದೇ ನೇರ ಗೆರೆಯ ಮೇಲೆ ಕೂರುತ್ತವೆ. ನಡುವೆ ಪೈಸೆಯ ಬೆಲೆಗಳನ್ನೂ ತುಂಬಿದರೆ ಗೆರೆಯಲ್ಲಿ ಸಂದೇ ಉಳಿಯುವುದಿಲ್ಲ. ಪುಸ್ತಕ ‘ಅಪರಿಮಿತ ಪರಿಹಾರಗಳು’ ಎನ್ನುವುದು ಈ ಗೆರೆಯನ್ನೇ.

ಹುಡುಗಿ ಎಡವಿದ್ದು ಇಲ್ಲಿ. ನಾನೂ ಆ ವಯಸ್ಸಿನಲ್ಲಿ ಇಲ್ಲೇ ಎಡವಿದ್ದೆ. ಉತ್ತರಗಳು ಅಸಂಖ್ಯ ಎಂದಾಗ ಏನು ಬೇಕಾದರೂ ಉತ್ತರವಾದೀತು ಎಂದು ಕೇಳಿಸುತ್ತದೆ. ಎರಡೂ ಮೂವತ್ತು ಎಂದು ಹೇಳಿ ನೋಡಿ, ತೊಂಬತ್ತಾಗುತ್ತದೆ, ಸಲ್ಲುವುದಿಲ್ಲ. ಕೂಗು ಹಾಳೆಯ ಬಹುಪಾಲನ್ನು ಅಳಿಸಿಹಾಕಿದೆ. ಹೊಲವಿದ್ದದ್ದು ಬದುವಾಗಿದೆ. ಬದುವಿನ ಮೇಲೆ ಎಷ್ಟು ಬೇಕಾದರೂ ಅಡ್ಡಾಡಬಹುದು, ಬದು ಬಿಟ್ಟು ಇಳಿಯುವಂತಿಲ್ಲ.

ಚಹಾಕ್ಕೂ ಒಗ್ಗರಣಿಗೂ ಇರುವ ಅಂತರ ಇದೇ. ಕಟ್ಟು ಎರಡೂ ಕಡೆ ಮಾಡಿದ ಕೆಲಸ ಒಂದೇ: ಓಡಾಟದ ಒಂದು ದಿಕ್ಕನ್ನು ಕಿತ್ತುಕೊಂಡಿತು. ಕಾಲುವೆಯ ದಂಡೆಗೆ ಇದ್ದದ್ದೇ ಒಂದು ದಿಕ್ಕು, ಅದು ಹೋಗಿ ಬಿಂದು ಉಳಿಯಿತು. ಹೊಲಕ್ಕೆ ಎರಡಿತ್ತು, ಒಂದು ಹೋಗಿ ಒಂದು ಮಿಕ್ಕಿತು.

ಎರಡನೇ ಕೂಗು

“ಒಂದು ಒಗ್ಗರಣಿ, ಎರಡು ಪ್ಲೇಟ್ ಮಿರ್ಚಿ, ಎಂಬತ್ತು!”

ಮೂಲೆಯ ಟೇಬಲ್ಲಿನವರು ಎದ್ದಿದ್ದರು. ಈ ಕೂಗಿಗೂ ತನ್ನದೇ ಒಂದು ಬದುವಿದೆ, ಬೇರೆ ಓರೆಯದು. ದರಪಟ್ಟಿ ಎರಡೂ ಬದುವಿನ ಮೇಲೆ ಇರಬೇಕೆಂದರೆ ಅವು ಕೂಡುವ ಮೂಲೆಯಲ್ಲೇ ಇರಬೇಕು. ಹಾಳೆ ಇಲ್ಲದೆಯೂ ಅಲ್ಲಿಗೆ ಹೋಗಬಹುದು. ಎರಡು ಬಿಲ್ಲನ್ನೂ ಕೂಡಿಸಿ: ಮೂರು ಒಗ್ಗರಣಿ, ಮೂರು ಮಿರ್ಚಿ, 165. ಅಂದರೆ ಒಂದೊಂದರ ಜೋಡಿಗೆ 55. ಮೊದಲ ಬಿಲ್ಲಿನಿಂದ ಆ ಜೋಡಿಯನ್ನು ಎತ್ತಿಬಿಡಿ. ಒಂದು ಒಗ್ಗರಣಿ ಉಳಿಯಿತು, 30 ರೂಪಾಯಿ. ಮಿರ್ಚಿ 25.

ಜೋಡಿಯನ್ನು ಎತ್ತಿದ ಗಳಿಗೆಯಲ್ಲಿ ಏನಾಯಿತು ನೋಡಿ. ಮಿರ್ಚಿ ಲೆಕ್ಕದಿಂದಲೇ ಜಾರಿಹೋಯಿತು. ಎರಡು ಕಟ್ಟುಗಳನ್ನು ಒಂದಕ್ಕೊಂದು ತಿಕ್ಕಿ ಒಂದು ಅಡಗಿದ ಸಂಖ್ಯೆಯನ್ನು ಸವೆಸಿದೆವು, ಹೊಲದಿಂದ ಹತ್ತಿ ಮತ್ತೆ ಕಾಲುವೆಯ ದಂಡೆಗೆ ಬಂದೆವು. ಶಾಲೆಯಲ್ಲಿ ಆದೇಶ ವಿಧಾನ, ವರ್ಜಿಸುವ ವಿಧಾನ ಎಂದು ಬೇರೆಬೇರೆ ಹೆಸರಿನಲ್ಲಿ ಕಲಿಸುವುದೆಲ್ಲ ಈ ಹತ್ತುವ ಮೆಟ್ಟಿಲುಗಳೇ. ಮೂರು ಸಂಖ್ಯೆ ಅಡಗಿದ್ದರೆ ಮೂರು ಕಟ್ಟು ಬೇಕು. ಮೊಬೈಲಿಗೆ ತಾನೆಲ್ಲಿದ್ದೇನೆಂದು ತಿಳಿಯಲು ನಾಲ್ಕು ಉಪಗ್ರಹಗಳ ಸಂಕೇತ ಬೇಕಾಗುವುದೂ ಇದೇ ಕಾರಣಕ್ಕೆ: ಜಾಗದ ಮೂರು ಅಳತೆ, ಜೊತೆಗೆ ಮೊಬೈಲಿನ ಅಗ್ಗದ ಗಡಿಯಾರ ಎಷ್ಟು ತಪ್ಪಿದೆ ಎಂಬ ನಾಲ್ಕನೆಯದು.

ರಾಯಚೂರಿನವರಿಗೆ ಇದು ಹಳೆಯ ಸಂಗತಿ ಎನ್ನಬೇಕು. 1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ ಕೂಡಿದ್ದು ಈ ಊರಿನಲ್ಲಿ. ಮೊದಲ ಕಂಪನಿಯ ಹಳಿಯ ಮೇಲಿರುವ ಊರು ಯಾವುದೆಂದರೆ ಉದ್ದ ಪಟ್ಟಿ ಬರುತ್ತದೆ. ಎರಡನೆಯದಕ್ಕೂ ಹಾಗೆಯೇ. ಎರಡೂ ಹಳಿ ಸೇರಿದ ಊರು ಯಾವುದೆಂದು ಕೇಳಿದರೆ ಪಟ್ಟಿ ಮಡಚಿಕೊಂಡು ಒಂದೇ ಹೆಸರಾಗುತ್ತದೆ.

ಮಾದಲ ಮತ್ತು ಬೇಲ

ಮಾನ್ವಿಯ ಹೋಟೆಲಿನಲ್ಲಿ ಕೇಳಿದ ಲೆಕ್ಕ ಹೊಸದೇನಲ್ಲ. ರಾಯಚೂರಿನಿಂದ ಉತ್ತರಕ್ಕೆ, ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಆರಂಭದಲ್ಲೇ ಹೊಗಳುವ ಮಹಾವೀರಾಚಾರ್ಯ, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಭಾಷೆ ಸಂಸ್ಕೃತ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚುಹಾಕಿಸಿದ ಮೇಲೆ ಹೊರಜಗತ್ತಿಗೂ ಅದರ ಹೆಸರು ಮುಟ್ಟಿತು.

ಅದರ ಮಿಶ್ರಕ ವ್ಯವಹಾರ ಎಂಬ ಅಧ್ಯಾಯದಲ್ಲಿ ಒಂದು ಹಣ್ಣಿನ ಲೆಕ್ಕವಿದೆ. ಒಂಬತ್ತು ಮಾದಲ, ಏಳು ಬೇಲದ ಹಣ್ಣು ಸೇರಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? ನಮ್ಮ ಸಪ್ಲೈಯರನ ಎರಡು ಕೂಗಿನಂತೆಯೇ ಇಲ್ಲೂ ಎಣಿಕೆ ಅದಲುಬದಲಾಗಿದೆ. ಕೂಡಿಸಿದರೆ ಎರಡೂ ಹದಿನಾರು, ಬೆಲೆ 208, ಹಾಗಾಗಿ ಜೋಡಿಗೆ 13. ಕಳೆದರೆ ಎರಡು ಮಾದಲ ಎರಡು ಬೇಲಕ್ಕಿಂತ 6 ಹೆಚ್ಚು, ಅಂದರೆ ಒಂದು ಮಾದಲ ಒಂದು ಬೇಲಕ್ಕಿಂತ 3 ಹೆಚ್ಚು. ಮಾದಲ 8, ಬೇಲ 5. ಮಹಾವೀರ ಹೇಳುವ ಸೂತ್ರದ ದಾರಿ ಬೇರೆ: ದೊಡ್ಡ ಬೆಲೆಯನ್ನು ಒಂಬತ್ತರಿಂದ, ಸಣ್ಣ ಬೆಲೆಯನ್ನು ಏಳರಿಂದ ಗುಣಿಸಿ ಕಳೆಯಬೇಕು, 963ರಲ್ಲಿ 707 ಹೋದರೆ 256. ಅದನ್ನು 81 ಮತ್ತು 49ರ ಅಂತರವಾದ 32ರಿಂದ ಭಾಗಿಸಬೇಕು, 8. ಎರಡೂ ಬಿಲ್ಲಿನಲ್ಲಿ ಬೇಲದ ಎಣಿಕೆಯನ್ನು 63ಕ್ಕೆ ಸಮಮಾಡಿ ಒರೆಸಿಹಾಕುವ ಉಪಾಯ ಅದು.

ಅಡಗಿದ ಸಂಖ್ಯೆಗಳಿಗೆ ನಮ್ಮ ಹಳೆಯ ಗಣಿತಜ್ಞರು ಬಣ್ಣದ ಹೆಸರಿಟ್ಟಿದ್ದರು. ಮೊದಲನೆಯದು ಯಾವತ್ತಾವತ್, ಮುಂದಿನವು ಕಾಲಕ, ನೀಲಕ, ಪೀತಕ. ಕಪ್ಪು, ನೀಲಿ, ಹಳದಿ. ಬರೆಯುವಾಗ ಯಾ, ಕಾ, ನೀ, ಪೀ ಎಂದು ಮೊದಲಕ್ಷರ ಸಾಕು. ಭಾಸ್ಕರಾಚಾರ್ಯ ಹನ್ನೆರಡನೇ ಶತಮಾನದ ತನ್ನ ‘ಬೀಜಗಣಿತ’ದಲ್ಲಿ ಏಕವರ್ಣ ಸಮೀಕರಣಕ್ಕೆ ಒಂದು ಅಧ್ಯಾಯ, ಅನೇಕವರ್ಣ ಸಮೀಕರಣಕ್ಕೆ ಇನ್ನೊಂದು ಅಧ್ಯಾಯ ಎಂದು ಬೇರೆಯಾಗಿಯೇ ಇಟ್ಟ. ಎಂಟು ಮತ್ತು ಒಂಬತ್ತನೇ ತರಗತಿಗಳ ನಡುವಿನ ಗೆರೆ ಅಷ್ಟು ಹಳೆಯದು. ಎಕ್ಸ್, ವೈ ಎಂಬ ಒಣ ಅಕ್ಷರಗಳಿಗಿಂತ ಕಪ್ಪು-ನೀಲಿಯೇ ಮಕ್ಕಳಿಗೆ ರುಚಿಸುತ್ತಿತ್ತೇನೋ.

ಒಂದೇ ಮಾತು ಎರಡು ಸಲ

ಎರಡು ಕೂಗು ಕೇಳಿಸಿತೆಂದ ಮಾತ್ರಕ್ಕೆ ಎರಡು ಕಟ್ಟು ಬಿತ್ತೆಂದು ನಂಬಬಾರದು. ಒಂದು ಟೇಬಲ್ಲಿನವರು ಎರಡು ಒಗ್ಗರಣಿ, ಎರಡು ಮಿರ್ಚಿಗೆ 110 ಕೊಟ್ಟು, ಮತ್ತೊಂದರವರು ನಾಲ್ಕು-ನಾಲ್ಕಕ್ಕೆ 220 ಕೊಟ್ಟರೆ ನಮಗೆ ಹೊಸದೇನೂ ತಿಳಿಯಲಿಲ್ಲ. ಬದುವಿನ ಮೇಲೆ ಬದು ಬಿದ್ದಿತು. ಎರಡನೆಯವರು 200 ಮಾತ್ರ ಕೊಟ್ಟಿದ್ದರೆ ಬದುಗಳು ಎಂದೂ ಕೂಡದ ಸಮಾಂತರ ಗೆರೆಗಳಾಗುತ್ತಿದ್ದವು. ಆಗ ಸರಿಯಾದ ದರಪಟ್ಟಿಯೇ ಇಲ್ಲ. ಗಲ್ಲಾದವರು ಲೆಕ್ಕ ತಪ್ಪಿದ್ದಾರೆ, ಇಲ್ಲವೆ ಬೀಗರೆಂದು ಇಪ್ಪತ್ತು ಬಿಟ್ಟಿದ್ದಾರೆ.

ಪುಸ್ತಕಗಳು ಇಷ್ಟಕ್ಕೆ ನಿಲ್ಲಿಸುತ್ತವೆ. ನನಗೆ ಹೆಚ್ಚು ಕುತೂಹಲವಿರುವುದು ಇನ್ನೊಂದರಲ್ಲಿ: ಕೂಡಿಯೂ ಕೂಡದಂತಿರುವ ಗೆರೆಗಳು. ಕೃಷ್ಣಾ, ತುಂಗಭದ್ರಾ ಎರಡೂ ರಾಯಚೂರು ಜಿಲ್ಲೆಯ ಉತ್ತರ-ದಕ್ಷಿಣದ ಅಂಚಿನಲ್ಲಿ ಪೂರ್ವದ ಕಡೆಗೇ ಹರಿಯುತ್ತವೆ. ದೇವದುರ್ಗದವರಿಗೆ ಒಂದು ಹತ್ತಿರ, ಮಾನ್ವಿಯವರಿಗೆ ಇನ್ನೊಂದು. ನಡುವಿನ ನೆಲವನ್ನೇ ಶಾಸನಗಳು ಎಡೆದೊರೆ ಎಂದು ಕರೆದದ್ದು. ಜಿಲ್ಲೆಯ ನಕ್ಷೆಯನ್ನಷ್ಟೇ ನೋಡಿದವರಿಗೆ ಇವು ಕೂಡುವ ಲಕ್ಷಣ ಕಾಣಿಸದು. ಕೂಡುವುದು ಗಡಿ ದಾಟಿದ ಮೇಲೆ, ಆಂಧ್ರದ ಸಂಗಮೇಶ್ವರದಲ್ಲಿ. ಹೆಚ್ಚೂಕಡಿಮೆ ಒಂದೇ ದಿಕ್ಕಿಗೆ ಹೋಗುವ ಎರಡು ಗೆರೆಗಳಲ್ಲಿ ಒಂದನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸಂಗಮ ಹರದಾರಿ ದೂರ ಜಿಗಿಯುತ್ತದೆ.

ಇದನ್ನು ಹೋಟೆಲಿನಲ್ಲೇ ನೋಡಬಹುದು. ಒಂದು ಮದುವೆ ದಿಬ್ಬಣ ಹತ್ತು ಒಗ್ಗರಣಿ, ಒಂಬತ್ತು ಮಿರ್ಚಿ ತಿಂದು 525 ಕೊಟ್ಟಿತು ಎನ್ನಿ. ಇನ್ನೊಂದು ಹನ್ನೊಂದು ಒಗ್ಗರಣಿ, ಹತ್ತು ಮಿರ್ಚಿಗೆ 580 ಕೊಟ್ಟಿತು. ಬಿಡಿಸಿದರೆ ಅದೇ 30, ಅದೇ 25. ಈಗ ಗದ್ದಲದಲ್ಲಿ ಮೊದಲ ಬಿಲ್ಲು ನಿಮಗೆ 526 ಎಂದು ಕೇಳಿಸಿದೆ, ಒಂದೇ ರೂಪಾಯಿ ತಪ್ಪು. ಉತ್ತರ ಏನಾಗುತ್ತದೆ? ಒಗ್ಗರಣಿ 40, ಮಿರ್ಚಿ 14! ಹಾಕಿ ನೋಡಿ: ಹತ್ತು ನಾಲ್ಕುನೂರು, ಒಂಬತ್ತು ಹದಿನಾಲ್ಕಲೆ ನೂರಿಪ್ಪತ್ತಾರು, ಕೂಡಿಸಿ 526. ಎರಡನೆಯ ಬಿಲ್ಲೂ ಹೊಂದುತ್ತದೆ. ಕೂಡಿಕೆಯಲ್ಲಿ ದೋಷವಿಲ್ಲ. ಎರಡೂ ದಿಬ್ಬಣಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದಿವೆ, ಬದುಗಳು ಒಂದರ ಪಕ್ಕ ಒಂದು ಮಲಗಿವೆ, ದೋಷ ಅಲ್ಲಿದೆ. ಒಗ್ಗರಣಿ ಜಾಸ್ತಿ ತಿನ್ನುವವರೊಬ್ಬರು, ಮಿರ್ಚಿ ಜಾಸ್ತಿ ತಿನ್ನುವವರೊಬ್ಬರು ಸಿಕ್ಕರೆ ಗೆರೆಗಳು ಅಡ್ಡಡ್ಡ ಕೊಯ್ಯುತ್ತವೆ, ಒಂದು ರೂಪಾಯಿಯ ತಪ್ಪು ಪೈಸೆಗಳಲ್ಲೇ ಉಳಿಯುತ್ತದೆ. ಹವಾಮಾನದಿಂದ ಸೇತುವೆಯವರೆಗೆ ಸಾವಿರಾರು ಅಡಗಿದ ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವವರು ಹೆದರುವುದು ಈ ಮಲಗಿದ ಬದುಗಳಿಗೆ.

ಕುಟ್ಟುವ ವಿದ್ಯೆ

ಬಸ್ಸು ಬಂತು. ಕಲ್ಲೂರು ದಾಟುವಷ್ಟರಲ್ಲಿ ಹುಡುಗಿ ಮಹಾವೀರನ ಹಣ್ಣುಗಳನ್ನು ಹಿಡಿದುಕೊಂಡು ಕೂತಿದ್ದಳು. ಬೇಲದ ಹಣ್ಣು ತಿಂದಿದ್ದಾಳೆ, ಮಾದಲ ನೋಡಿಲ್ಲ. ಅವಳಿಗೆ ಒಂದು ಕಷ್ಟ ಕೊಟ್ಟೆ: ಎರಡನೆಯ ಮಾತೊಂದೇ ಇದ್ದಿದ್ದರೆ? ಏಳು ಮಾದಲ, ಒಂಬತ್ತು ಬೇಲ, 101. ಬೆಲೆ ಇಡಿ ನಾಣ್ಯದಲ್ಲೇ ಇರಬೇಕು, ಅರ್ಧ ಕಾಲು ಇಲ್ಲ.

ಇಲ್ಲಿ ಒಂದು ಚಮತ್ಕಾರವಿದೆ. ಏಳು ಮಾದಲವನ್ನು ಏಳು ಬೇಲದ ಜೊತೆ ಜೋಡಿ ಮಾಡಿ, ಎರಡು ಬೇಲ ಮಿಕ್ಕುತ್ತವೆ. ಜೋಡಿಗಳ ಬೆಲೆ ಏಳರ ಮಗ್ಗಿಯಲ್ಲಿರಲೇಬೇಕು. 101ರಲ್ಲಿ ಏಳುಗಳನ್ನೆಲ್ಲ ತೆಗೆದರೆ 3 ಉಳಿಯುತ್ತದೆ. ಹಾಗಾದರೆ ಎರಡು ಬೇಲದ ಬೆಲೆಯಲ್ಲೂ ಏಳು ತೆಗೆದಾಗ 3 ಉಳಿಯಬೇಕು: 3, 10, 17, 24... ಎರಡು ಹಣ್ಣಿನ ಬೆಲೆ ಸಮಸಂಖ್ಯೆ, ಆದ್ದರಿಂದ 10, 24, 38. ಬೇಲ 5 ಅಥವಾ 12 ಅಥವಾ 19. ಹನ್ನೆರಡಾದರೆ ಬೇಲಕ್ಕೇ 108 ಆಗಿ ಮೊತ್ತ ಮೀರಿತು. ಉಳಿದದ್ದು 5 ಒಂದೇ, ಮಾದಲ 8. ಒಂದೇ ಕಟ್ಟಿಗೆ ಎರಡು ಸಂಖ್ಯೆಯೂ ಸಿಕ್ಕಿಬಿದ್ದವು!

ನಿಯಮ ಮುರಿಯಿತೆ? ಇಲ್ಲ. ‘ಇಡಿ ನಾಣ್ಯ’ ಎಂಬ ಷರತ್ತು ಸದ್ದಿಲ್ಲದೆ ಇನ್ನೊಂದು ಕಟ್ಟಿನ ಕೆಲಸ ಮಾಡಿತು. ಬದು ಹಾಗೇ ಇದೆ, ಅದರ ಮೇಲೆ ಕಾಲಿಡಬಹುದಾದ ಕಲ್ಲು ಒಂದೇ ಇದೆ. ಈ ಉಪಕಾರ ಎಲ್ಲ ಲೆಕ್ಕಕ್ಕೂ ಸಿಗದು. ಮೊದಲನೆಯ ಮಾತನ್ನೇ ತೆಗೆದುಕೊಂಡರೆ ಎರಡು ಕಲ್ಲು: ಮಾದಲ 8 ಬೇಲ 5, ಇಲ್ಲವೆ ಮಾದಲ 1 ಬೇಲ 14. ಸಂಖ್ಯೆಗಳನ್ನು ಹೀಗೆ ಭಾಗಿಸಿ ಉಳಿಕೆಯನ್ನು ಮತ್ತೆ ಭಾಗಿಸಿ ಸಣ್ಣದು ಮಾಡುತ್ತ ಹೋಗುವ ದಾರಿಯನ್ನು ಆರ್ಯಭಟ 499ರಲ್ಲಿ ತೋರಿದ. ನಂತರದವರು ಅದಕ್ಕೆ ಕುಟ್ಟಕ ಎಂದರು. ಒರಳಿನಲ್ಲಿ ಕುಟ್ಟಿದಂತೆ ದೊಡ್ಡ ಸಂಖ್ಯೆ ಪುಡಿಯಾಗುತ್ತದೆ. ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ ಹೆಸರಲ್ಲ.

“ಎರಡನೇದ್ದು ಒಂದ ಸಾಕಿತ್ತಂದ್ರ ಮೊದಲನೇದ್ದು ಯಾಕ ಕೊಟ್ಟ?” ಎಂದಳು.

ಮಹಾವೀರನ ಸೂತ್ರಕ್ಕೆ ಬೆಲೆ ಇಡಿ ಇರಬೇಕೆಂಬ ಹಟವಿಲ್ಲ, ಮಾದಲ ಏಳೂಮುಕ್ಕಾಲು ಆಗಿದ್ದರೂ ಅದು ನಡೆಯುತ್ತಿತ್ತು ಎಂದೆ. ಒಪ್ಪಿದಳೋ ಇಲ್ಲವೋ, ಅಷ್ಟರಲ್ಲಿ ಕಂಡಕ್ಟರ್ ಬಂದರು. ಅವಳು ಆಧಾರ್ ಕಾರ್ಡ್ ತೋರಿಸಿದಳು, ನಾನು ನೋಟು ಕೊಟ್ಟೆ. ಯಂತ್ರದಿಂದ ಎರಡು ಟಿಕೆಟ್ ಹೊರಬಂದವು. ನನಗೂ ಒಂದು ಕೀಟಲೆ ಹೊಳೆಯಿತು.

“ಟಿಕೆಟ್ ಎರಡು. ಒಟ್ಟು ಎಷ್ಟು ಕೊಟ್ಟೆ ಅಂತ ನಿನಗ ಗೊತ್ತೈತಿ. ಕಟ್ಟು ಒಂದೇ. ಒಂದೊಂದರ ಬೆಲೆ ಹೇಳು ನೋಡೋಣ.”

ಹುಡುಗಿ ತನ್ನ ಟಿಕೆಟ್ ನನ್ನ ಮುಖದ ಮುಂದೆ ಹಿಡಿದಳು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಟಿಕೆಟ್ಟಿನ ಬೆಲೆ ಯಾರಿಗೂ ಅಡಗಿದ್ದಲ್ಲ.

“ನಂದು ಸೊನ್ನಿ ಮಾಮಾ. ಇದು ಎಂಟನೇ ಕ್ಲಾಸಿನ ಲೆಕ್ಕ.”